ಗುದ್ದದ ಗಾಡಿಯ ಮೇಲೆ ಕೇಸು ಹಾಕಬೇಡಿ, ನಿಮ್ಮ ಗಾಡಿಯ ಮೇಲೆ ಹಾಕಿಸಿಕೊಳ್ಳಲೂ ಬೇಡಿ!

ತುಮಕೂರು ಜಿಲ್ಲೆಯ ಅಣ್ಣಂದಿರೇ, ಅಕ್ಕಂದಿರೇ, ಬೈಕು, ಆಟೊ, ಲಾರಿ ಓಡಿಸುವವರೇ, ಆಸ್ಪತ್ರೆಗಳಲ್ಲಿ ದುಡಿಯುವವರೇ,

ಇದನ್ನು ಓದಿ ಮಡಿಚಿ ಬಿಸಾಡಬೇಡಿ. ಮನೆಯಲ್ಲಿ ಗಾಡಿ ಓಡಿಸುವವರ ಕೈಗೆ ಕೊಡಿ.

ಬೆಂಗಳೂರು–ಪುಣೆ ಹೆದ್ದಾರಿ ನಮ್ಮ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗಿದೆ. ಗುಬ್ಬಿ, ತಿಪಟೂರು ದಾಟಿ ಶಿವಮೊಗ್ಗಕ್ಕೆ ಹೋಗುವ ರಸ್ತೆಯೂ ನಮ್ಮದೇ. ಈ ರಸ್ತೆಗಳಲ್ಲಿ ಕೈಕಾಲು ಮುರಿದುಕೊಂಡವರು, ಮನೆಯವರನ್ನು ಕಳೆದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಸಿಗಬೇಕಾದ ಪರಿಹಾರದ ಹಣದ ಮೇಲೆ ಕಣ್ಣಿಟ್ಟು ಕೂತವರೂ ಇದ್ದಾರೆ. ನಡೆಯದ ಅಪಘಾತವನ್ನು ನಡೆಯಿತು ಎಂದು ಕಾಗದದ ಮೇಲೆ ಕಟ್ಟುವುದು, ಗುದ್ದದ ಗಾಡಿಯನ್ನು ತಂದು ಗುದ್ದಿತು ಎಂದು ನಿಲ್ಲಿಸುವುದು ಅವರ ದಂಧೆ. ಈ ಕರಪತ್ರ ಬರೆದಿರುವ ನಾವು ಅಪಘಾತದಲ್ಲಿ ನೊಂದ ಕುಟುಂಬದವರು, ಚಾಲಕರು, ಆಸ್ಪತ್ರೆಯ ಕೆಲವು ಸಿಬ್ಬಂದಿ, ಇದನ್ನು ಕಂಡು ಸಹಿಸಲಾಗದ ಕೆಲವು ವಕೀಲರು.

ವಾರ್ಡಿನಲ್ಲಿ ಏನಾಗುತ್ತದೆ, ನೋಡಿ

ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನೊಬ್ಬನಿಗೆ ನಾಯಿ ಅಡ್ಡ ಬಂತು. ಬ್ರೇಕ್ ಹಿಡಿದ, ಜಲ್ಲಿಯ ಮೇಲೆ ಬೈಕು ಜಾರಿತು, ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಆಸ್ಪತ್ರೆಗೆ ಕರೆತಂದ ಅವನ ತಮ್ಮ, ಡ್ಯೂಟಿ ಡಾಕ್ಟರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿದ. ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ‘ಬೈಕ್ ಸ್ಕಿಡ್ ಆಗಿ ಬಿದ್ದು ಗಾಯ’ ಎಂದು ಒಂದು ಸಾಲು ಬಿತ್ತು. ಮಾರನೆಯ ದಿನ ರಾಡ್ ಹಾಕಬೇಕು, ಅಡ್ವಾನ್ಸ್ ಕಟ್ಟಿ ಅಂದರು. ಹೆಂಡತಿ ಓಲೆ ಅಡವಿಟ್ಟು ಬಂದಳು. ಸರಿಯಾಗಿ ಆ ಹೊತ್ತಿಗೆ ಒಬ್ಬ ಮಂಚದ ಪಕ್ಕ ಬಂದು ನಿಲ್ಲುತ್ತಾನೆ. ಕೈಯಲ್ಲಿ ಎಳನೀರು, ಬಾಯಲ್ಲಿ ಊರಿನ ಪರಿಚಯದ ಮಾತು. ಈತ ಬಿದ್ದಿರುವ ಸುದ್ದಿ ಅವನಿಗೆ ತಲುಪಿಸಿದವರು ಆಸ್ಪತ್ರೆಯ ಒಳಗೇ ಇರುತ್ತಾರೆ.

“ಅಣ್ಣ, ತಾನಾಗೇ ಬಿದ್ದೆ ಅಂದ್ರೆ ಒಂದ್ ರೂಪಾಯಿ ಬರಲ್ಲ. ಒಂದ್ ಗಾಡಿ ಹಾಕ್ಸೋಣ. ಇನ್ಶೂರೆನ್ಸ್ ಇರೋ ಗಾಡಿ ನಮ್ ಹತ್ರ ಐತೆ. ನೀವ್ ಸೈನ್ ಹಾಕಿ, ಮಿಕ್ಕಿದ್ದೆಲ್ಲ ನಾವ್ ನೋಡ್ಕಂತೀವಿ.”

ನೋವಿನಲ್ಲಿ ಇರುವವನು, ಸಾಲದ ಭಯದಲ್ಲಿ ಇರುವವಳು ಸಹಿ ಹಾಕುತ್ತಾರೆ. ಖಾಲಿ ವಕಾಲತ್ತು, ಖಾಲಿ ಹಾಳೆಗಳು, ಕೆಲವೊಮ್ಮೆ ಬ್ಯಾಂಕಿನ ಖಾಲಿ ಚೆಕ್ ಕೂಡ.

ಮೂರು ವಾರ ಕಳೆದ ಮೇಲೆ ಠಾಣೆಗೆ ಒಂದು ದೂರು ಹೋಗುತ್ತದೆ. ‘ಹಿಂದಿನಿಂದ ಬಂದ ಗೂಡ್ಸ್ ಆಟೊವನ್ನು ಅದರ ಚಾಲಕ ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂದು ಶುರುವಾಗುವ ದೂರು, ‘ಗಾಯಾಳುವನ್ನು ನೋಡಿಕೊಳ್ಳುತ್ತಿದ್ದರಿಂದ ತಡವಾಗಿ ಬಂದಿರುತ್ತೇನೆ’ ಎಂದು ಮುಗಿಯುತ್ತದೆ. ಆಟೊ ನಂಬರ್ ಅದರಲ್ಲೇ ಇರುತ್ತದೆ, ಅಥವಾ ಸ್ವಲ್ಪ ದಿನ ಬಿಟ್ಟು ‘ಮರುಹೇಳಿಕೆ’ಯಲ್ಲಿ ಬರುತ್ತದೆ. ಕಣ್ಣಾರೆ ಕಂಡೆ ಎನ್ನುವ ಒಬ್ಬ ಸಾಕ್ಷಿ ಹುಟ್ಟುತ್ತಾನೆ. ಸ್ಥಳ ಮಹಜರು ಆಗುತ್ತದೆ. ಮೋಟಾರು ವಾಹನ ನಿರೀಕ್ಷಕರು ಆಟೊ ನೋಡಲು ಬರುವಷ್ಟರಲ್ಲಿ ಬಂಪರಿನ ಎಡಮೂಲೆಯಲ್ಲಿ ಹೊಸದೊಂದು ಗೀರು ಸಿದ್ಧವಾಗಿರುತ್ತದೆ. ಆ ರಾತ್ರಿ ಮನೆಯಲ್ಲಿ ಮಲಗಿದ್ದ ಆಟೊ ಡ್ರೈವರ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟುತ್ತಾನೆ. ಆ ಆದೇಶದ ನಕಲು ಹಿಡಿದು ಪರಿಹಾರ ನ್ಯಾಯಮಂಡಳಿಯಲ್ಲಿ ಎಂವಿಸಿ (ಅಪಘಾತ ಪರಿಹಾರದ) ಅರ್ಜಿ ಹಾಕುತ್ತಾರೆ.

ಇದರಲ್ಲೇ ಇನ್ನೆರಡು ಬಗೆ ಇವೆ. ಓಡಿಸುತ್ತಿದ್ದವನನ್ನು ಹಿಂದೆ ಕೂತಿದ್ದ ಎಂದು ಬರೆಸುವುದು ಒಂದು. ಲೈಸೆನ್ಸ್ ಇಲ್ಲದ ಹುಡುಗ ಗುದ್ದಿದ್ದರೆ, ಲೈಸೆನ್ಸ್ ಇರುವ ಚಿಕ್ಕಪ್ಪನನ್ನು ಡ್ರೈವರ್ ಎಂದು ತೋರಿಸುವುದು ಇನ್ನೊಂದು. ‘ಇದೇನ್ ಮಹಾ ಸುಳ್ಳು’ ಎಂದು ಮನೆಮಂದಿಯೇ ಒಪ್ಪಿಕೊಳ್ಳುವುದು ಇವನ್ನೇ.

ಗಾಡಿ ಕೊಟ್ಟವರೇ, ಇದು ನಿಮಗೆ

‘ನಿಂದೇನ್ ಹೋಗ್ತದೆ, ಇನ್ಶೂರೆನ್ಸ್‌ನೋರು ಕೊಡ್ತಾರೆ’ ಎಂದು ಹೇಳಿ ನಿಮ್ಮ ಆರ್‌ಸಿ, ಪಾಲಿಸಿ, ಡಿಎಲ್ ಜೆರಾಕ್ಸ್ ಕೇಳುತ್ತಾರೆ. ಚಿಲ್ಲರೆ ಹಣವನ್ನೂ ಕೈಗಿಡುತ್ತಾರೆ. ಆಮೇಲಿನದನ್ನು ಯಾರೂ ಹೇಳುವುದಿಲ್ಲ. ನ್ಯಾಯಮಂಡಳಿ ಪಾಲಿಸಿ ತೆಗೆದು ನೋಡುತ್ತದೆ, ಡಿಎಲ್ ನೋಡುತ್ತದೆ, ಪರ್ಮಿಟ್ ನೋಡುತ್ತದೆ. ಒಂದರಲ್ಲಿ ಲೋಪ ಕಂಡರೂ ಎಷ್ಟೋ ಸಲ ‘ಕಂಪನಿ ಮೊದಲು ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ’ ಎಂದು ಆದೇಶವಾಗುತ್ತದೆ. ಆಗ ಲಕ್ಷಗಟ್ಟಲೆ ಹಣದ ನೋಟಿಸು ಬರುವುದು ನಿಮ್ಮ ಮನೆ ಬಾಗಿಲಿಗೆ. ಎಳನೀರು ತಂದವನ ಮನೆಗೆ ಅದು ಹೋಗುವುದಿಲ್ಲ. ಡ್ರೈವರ್ ಆಗಿ ತಪ್ಪೊಪ್ಪಿಕೊಂಡವನ ಹೆಸರಿನಲ್ಲಿ ಅಪರಾಧದ ದಾಖಲೆ ನಿಲ್ಲುತ್ತದೆ. ನಾಳೆ ಕಂಪನಿ ಗಾಡಿ, ಶಾಲಾ ಬಸ್ಸು ಓಡಿಸುವ ಕೆಲಸ ಕೇಳಲು ಹೋದರೆ ಮೊದಲು ಹೊರಬರುವುದು ಅದೇ ಕಾಗದ.

ಸುಳ್ಳು ಬಯಲಾದರಂತೂ ವಿಷಯ ಬೇರೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318(4)ರ ಅಡಿ ವಂಚನೆಗೆ 7 ವರ್ಷದವರೆಗೆ ಜೈಲು. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ 229ರ ಅಡಿ ಅದಕ್ಕೂ 7 ವರ್ಷದವರೆಗೆ. ಗಾಯಾಳು, ಗಾಡಿ ಮಾಲೀಕ, ಡ್ರೈವರ್, ಸಾಕ್ಷಿ ನಾಲ್ವರ ಸಹಿಯೂ ಕಾಗದದ ಮೇಲೆ ಇರುತ್ತದೆ. ಮಧ್ಯವರ್ತಿಯ ಸಹಿ ಎಲ್ಲಿಯೂ ಇರುವುದಿಲ್ಲ.

ಸುಳ್ಳು ಸಿಕ್ಕಿಬೀಳುವುದೂ ಕಷ್ಟವೇನಲ್ಲ. ವಿಮಾ ಕಂಪನಿಯ ವಕೀಲರು ಮೊದಲು ತರಿಸಿ ನೋಡುವುದು ಆಸ್ಪತ್ರೆಯ ಆ ಎಂಎಲ್‌ಸಿ ರಿಜಿಸ್ಟರನ್ನೇ. ಅಲ್ಲಿ ‘ಸ್ಕಿಡ್ ಆಗಿ ಬಿದ್ದು’ ಎಂದು ಇದೆ, ದೂರಿನಲ್ಲಿ ಆಟೊ ಇದೆ. ಅಷ್ಟು ಸಾಕು.

ದುಡ್ಡು ಯಾರದು?

‘ಕಂಪನಿ ದುಡ್ಡು ತಾನೇ’ ಎನ್ನುವವರು ಇದನ್ನು ಗಮನವಿಟ್ಟು ಓದಬೇಕು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಹೇಳುತ್ತದೆ. ಅದರ ಪ್ರೀಮಿಯಂ ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ. ಎಷ್ಟು ಹಣ ಪರಿಹಾರವಾಗಿ ಹೋಗುತ್ತಿದೆ ಎಂದು ನೋಡಿಯೇ ಈ ದರ ಕಟ್ಟುತ್ತಾರೆ. ಹಾಲು ಹಾಕುವವನು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು, ಆಟೊ ಸಾಲದ ಕಂತು ಕಟ್ಟುತ್ತಿರುವವನು ಎಲ್ಲರೂ ಹಾಕಿದ ಹಣ ಅದು.

ನಮ್ಮನ್ನು ಇದಕ್ಕಿಂತ ಹೆಚ್ಚು ಸುಡುವುದು ಬೇರೆ ಸಂಗತಿ. ಸುಳ್ಳು ಕೇಸು ಹೆಚ್ಚಿದಂತೆ ನಿಜದ ಕೇಸನ್ನೂ ಅನುಮಾನದಿಂದ ನೋಡುತ್ತಾರೆ. ಗಂಡ ಸತ್ತ ಹೆಂಗಸು ಎರಡು ಮಕ್ಕಳ ಕೈ ಹಿಡಿದು ಕಟಕಟೆಗೆ ಬಂದರೆ, ‘ಈ ಗಾಡಿ ನಿಜವಾಗಿ ಗುದ್ದಿತ್ತಾ? ದೂರು ಕೊಡಲು ಯಾಕೆ ಎರಡು ದಿನ ತಡ?’ ಎಂದು ಪಾಟಿಸವಾಲು. ಹೆಣ ಊರಿಗೆ ತಂದು, ಮಣ್ಣು ಮಾಡಿ, ಹಾಲುತುಪ್ಪ ಬಿಟ್ಟು ಠಾಣೆಗೆ ಹೋದವಳಿಗೆ ಈ ಪ್ರಶ್ನೆ! ದೂರು ತಡವಾಯಿತು ಎನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಅವಳು ಆ ಪ್ರಶ್ನೆಗೆ ಉತ್ತರ ಕೊಡುತ್ತಾ ವರ್ಷಗಟ್ಟಲೆ ಅಲೆಯಬೇಕು. ಸುಳ್ಳು ಕೇಸಿಗೆ ಸಹಿ ಹಾಕಿದ ಪ್ರತಿಯೊಬ್ಬರೂ ಅವಳ ಅಲೆದಾಟಕ್ಕೆ ಕಾರಣ.

ಉತ್ತರ ಪ್ರದೇಶದಲ್ಲಿ ಇದು ಎಲ್ಲಿಗೆ ಮುಟ್ಟಿತು ಗೊತ್ತೇ? 2015ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಲು ಹೇಳಬೇಕಾಯಿತು. ವಿಮಾ ಕಂಪನಿಗಳಿಂದ ಆ ತಂಡದ ಮುಂದೆ ಬಂದ ಅನುಮಾನದ ಪ್ರಕರಣಗಳು 1,376. ವಿಷಯ ಸುಪ್ರೀಂ ಕೋರ್ಟ್ ಮುಂದೆ ಇದ್ದಾಗ, 2021ರಲ್ಲಿ, ಭಾರತೀಯ ವಕೀಲರ ಪರಿಷತ್ತು 28 ವಕೀಲರನ್ನು ಅಮಾನತು ಮಾಡಿತು. ಆ ಸ್ಥಿತಿ ನಮಗೆ ಬರುವುದು ಬೇಡ.

ಅರಸೀಕೆರೆ ದಾರಿಯಲ್ಲಿ ಸತ್ತವನು

ಕಾಗದದ ಮೇಲಿನ ಸುಳ್ಳು ಕಾಗದದಲ್ಲೇ ನಿಲ್ಲುವುದಿಲ್ಲ. ತಿಪಟೂರು ದಾಟಿದರೆ ಅರಸೀಕೆರೆ ತಾಲ್ಲೂಕು. ಅಲ್ಲಿ ಗಂಡಸಿ ಠಾಣೆಯ ವ್ಯಾಪ್ತಿಯಲ್ಲಿ 2024ರ ಆಗಸ್ಟಿನಲ್ಲಿ ಕಾರಿನ ಪಕ್ಕ ಲಾರಿಗೆ ಸಿಕ್ಕಿ ಒಬ್ಬ ಸತ್ತ. ಟೈರ್ ಬದಲಿಸುವಾಗ ಆದ ಅಪಘಾತ ಎಂದು ಸುದ್ದಿಯಾಯಿತು. ಹೆಂಡತಿ ಬಂದು ಇದು ನನ್ನ ಗಂಡನ ಹೆಣ ಎಂದು ಗುರುತಿಸಿದಳು. ಪೊಲೀಸರ ತನಿಖೆ ಹೇಳಿದ್ದು ಬೇರೆ: ಗಂಡ ಬದುಕಿದ್ದ, ಸಾಲ ಮಾಡಿಕೊಂಡಿದ್ದ ವ್ಯಾಪಾರಿ ಆತ. ತಾನೇ ಸತ್ತಂತೆ ತೋರಿಸಿ ವಿಮೆ ಹಣ ಪಡೆಯಲು, ತನ್ನನ್ನು ಹೋಲುವ ಒಬ್ಬ ಭಿಕ್ಷುಕನನ್ನು ಪುಸಲಾಯಿಸಿ ಕರೆತಂದು ಲಾರಿಯ ಕೆಳಗೆ ಹಾಕಿಸಿದ ಎಂಬುದು ಅವನ ಮೇಲಿನ ಆರೋಪ. ತೀರ್ಪು ಕೊಡುವುದು ಕೋರ್ಟಿನ ಕೆಲಸ. ಆದರೆ ಆ ರಸ್ತೆಯಲ್ಲಿ ಒಂದು ಜೀವ ಹೋದದ್ದು ಸತ್ಯ. ಊರು, ಕೇರಿ, ಕೇಳುವವರು ಯಾರೂ ಇಲ್ಲದವನ ಜೀವ. ಅಪಘಾತವನ್ನು ವ್ಯಾಪಾರ ಮಾಡಿಕೊಂಡರೆ ಮೊದಲು ಬಲಿಯಾಗುವವರು ಇಂಥವರೇ.

ಅಪಘಾತದ ನೆಪದಲ್ಲಿ ರಸ್ತೆಯಲ್ಲೇ ಹಣ ಕೀಳುವವರೂ ಇದ್ದಾರೆ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ 2023ರ ಜನವರಿಯಲ್ಲಿ ನಡುರಾತ್ರಿ ಬೈಕಿನಲ್ಲಿ ಬಂದ ಇಬ್ಬರು ಬೇಕೆಂದೇ ಕಾರಿಗೆ ಗುದ್ದಿ ಅದರಲ್ಲಿದ್ದ ದಂಪತಿಯನ್ನು ಅಟ್ಟಿಸಿಕೊಂಡು ಹೋದದ್ದು ಕಾರಿನ ಡ್ಯಾಶ್‌ಕ್ಯಾಮ್‌ನಲ್ಲಿ ದಾಖಲಾಗಿ, ಪೊಲೀಸರು ಅವರನ್ನು ಹಿಡಿದರು. ಗಾಡಿ ತಗುಲಿಸಿ ‘ಇಲ್ಲೇ ಸೆಟ್ಲ್ ಮಾಡ್ಕೊ’ ಎಂದು ಹಣ ಕೇಳುವವರು ಎದುರಾದರೆ ನಿರ್ಜನ ಜಾಗದಲ್ಲಿ ಕೆಳಗೆ ಇಳಿಯಬೇಡಿ. ಬಾಗಿಲು ಹಾಕಿಕೊಂಡು 112ಕ್ಕೆ ಫೋನ್ ಮಾಡಿ, ಜನ ಇರುವ ಪೆಟ್ರೋಲ್ ಬಂಕಿಗೋ ಠಾಣೆಗೋ ಗಾಡಿ ತನ್ನಿ. ನಿಜವಾಗಿ ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಓಡಿಹೋಗಬೇಡಿ, ಮೊದಲು 108.

ನಿಜ ಹೇಳಿದವರಿಗೂ ಹಣ ಇದೆ!

ಮಧ್ಯವರ್ತಿ ಹೇಳುವ ‘ತಾನಾಗೇ ಬಿದ್ದರೆ ಒಂದು ರೂಪಾಯಿ ಬರಲ್ಲ’ ಎನ್ನುವ ಮಾತಿದೆಯಲ್ಲ, ಅದನ್ನು ನಂಬಿಯೇ ಜನ ಹಾಳಾಗುತ್ತಿರುವುದು. ಅದು ಸುಳ್ಳು. ಈ ಭಾಗವನ್ನು ಕತ್ತರಿಸಿ ಮನೆಯಲ್ಲಿ ಅಂಟಿಸಿಕೊಳ್ಳಿ.

ನಿಮ್ಮ ಗಾಡಿಯ ಪಾಲಿಸಿ ತೆಗೆದು ನೋಡಿ. ‘ಓನರ್-ಡ್ರೈವರ್ ಪರ್ಸನಲ್ ಆಕ್ಸಿಡೆಂಟ್’ ಎಂದು ಒಂದು ಸಾಲು ಇರುತ್ತದೆ. ಅದಕ್ಕೆ ಹಣ ಕಟ್ಟಿದ್ದರೆ, ಮಾಲೀಕರೇ ಲೈಸೆನ್ಸ್ ಇಟ್ಟುಕೊಂಡು ಓಡಿಸುವಾಗ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 15 ಲಕ್ಷ ರೂಪಾಯಿ. ಒಂದು ಕಾಲು, ಒಂದು ಕೈ ಅಥವಾ ಒಂದು ಕಣ್ಣು ಪೂರ್ತಿ ಹೋದರೆ ಅದರ ಅರ್ಧ. ಯಾರು ಗುದ್ದಿದರು ಎಂದು ಯಾರೂ ಕೇಳುವುದಿಲ್ಲ, ತಾನಾಗಿ ಬಿದ್ದರೂ ಆಯಿತು. ಆದರೆ ಗಾಡಿ ಯಾರ ಹೆಸರಿನಲ್ಲಿ ಇದೆಯೋ ಅವರಿಗೆ ಮಾತ್ರ ಇದು. ನಮ್ಮಲ್ಲಿ ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕ್ ಕೇಳಿ ತಂದು ಹೋಗುತ್ತಿದ್ದವನೊಬ್ಬ ಎತ್ತಿನಗಾಡಿಗೆ ಗುದ್ದಿ ಸತ್ತ. ಬೈಕ್ ಕೇಳಿ ತಂದವನು ಮಾಲೀಕನ ಜಾಗದಲ್ಲೇ ನಿಂತಂತೆ, ಆದ್ದರಿಂದ ಆ ಬೈಕಿನ ವಿಮೆಯಿಂದ ಮೋಟಾರು ವಾಹನ ಕಾಯ್ದೆಯ ಅಂದಿನ 163ಎ ಸೆಕ್ಷನ್ನಿನ ಪರಿಹಾರ ಅವನ ಮನೆಯವರಿಗೆ ಸಿಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪ್ಪನ ಗಾಡಿ ಓಡಿಸುವ ಮಗ, ಗೆಳೆಯನ ಗಾಡಿ ತರುವ ಗೆಳೆಯ ಇದನ್ನು ತಿಳಿದಿರಬೇಕು. ದಿನಾ ಓಡಿಸುವವರ ಹೆಸರಿಗೇ ಗಾಡಿ ಮಾಡಿಸಿ.

ಅದಾಗದಿದ್ದರೆ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸಹಿ ಮಾಡಿ. ವರ್ಷಕ್ಕೆ 20 ರೂಪಾಯಿ, ಖಾತೆಯಿಂದ ತಾನೇ ಕಟ್ ಆಗುತ್ತದೆ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. ಎಷ್ಟೋ ಮನೆಗಳಲ್ಲಿ ಹಣ ಕಟ್ ಆಗಿರುತ್ತದೆ, ಹೆಂಡತಿಗೆ ಗೊತ್ತೇ ಇರುವುದಿಲ್ಲ. ಈವತ್ತೇ ಪಾಸ್‌ಬುಕ್ ನೋಡಿ, ಮನೆಯವರಿಗೆ ಹೇಳಿ.

ಗುದ್ದಿದ ಗಾಡಿ ನಿಲ್ಲಿಸದೆ ಹೋಯಿತು, ನಂಬರ್ ಸಿಗಲಿಲ್ಲ. ಇಲ್ಲೇ ಮಧ್ಯವರ್ತಿಗೆ ಹಬ್ಬ. ನಿಜವಾದ ಗಾಯಾಳು ಕೂಡ ಸುಳ್ಳು ಗಾಡಿಗೆ ಒಪ್ಪುವುದು ಈ ಹಂತದಲ್ಲಿ. ಅಗತ್ಯವಿಲ್ಲ! ಗುದ್ದಿ ಓಡಿಹೋದ ಪ್ರಕರಣಗಳಿಗೆ ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್ ಅಡಿ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಈ ಪರಿಹಾರ ಇದೆ ಎಂದು ಪೊಲೀಸರೇ ಗಾಯಾಳುವಿಗೆ ಬರಹದಲ್ಲಿ ತಿಳಿಸಬೇಕು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಆ ಪತ್ರ ಬಂದಿದೆಯೇ? ಬಂದಿಲ್ಲದಿದ್ದರೆ ಠಾಣೆಗೆ ಹೋಗಿ ಕೇಳಿ. ಈ ಮೊತ್ತ ಸಾಲದು, ಒಂದು ಜೀವಕ್ಕೆ 2 ಲಕ್ಷ ಯಾವ ಲೆಕ್ಕ ಎಂದು ನಾವೂ ಕೇಳುತ್ತೇವೆ. ಅದನ್ನು ಹೆಚ್ಚಿಸಲು ಸರ್ಕಾರದ ಮುಂದೆ ಹೋರಾಡೋಣ. ಸುಳ್ಳು ಗಾಡಿ ಅದಕ್ಕೆ ದಾರಿಯಲ್ಲ.

ಆಸ್ಪತ್ರೆ ಖರ್ಚಿನ ಮಾತು. 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಓಲೆ ಅಡವಿಡುವ ಮುಂಚೆ ಕೌಂಟರಿನಲ್ಲಿ ಇದನ್ನು ಗಟ್ಟಿಯಾಗಿ ಕೇಳಿ.

ಇನ್ನು ನಿಜವಾಗಿಯೂ ಬೇರೆ ಗಾಡಿ ಗುದ್ದಿದ್ದರೆ ಹೆದರಬೇಕಾದ್ದು ಏನೂ ಇಲ್ಲ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. 10 ದಿನದೊಳಗೆ ನಿಮ್ಮ ಹಕ್ಕುಗಳ ವಿವರ ಇರುವ ನಮೂನೆಯನ್ನು ನಿಮ್ಮ ಕೈಗೆ ಕೊಡಬೇಕು. 2022ರ ಏಪ್ರಿಲ್‌ನಿಂದ ಇರುವ ನಿಯಮ ಇದು. ಪರಿಹಾರದ ಅರ್ಜಿಗೆ ಕಾಯ್ದೆ ಹೇಳುವ ಅವಧಿ ಅಪಘಾತವಾದ ದಿನದಿಂದ 6 ತಿಂಗಳು, ತಡ ಮಾಡಬೇಡಿ. ವಕೀಲರಿಗೆ ಹಣವಿಲ್ಲ ಎನ್ನುವವರು 15100ಕ್ಕೆ ಫೋನ್ ಮಾಡಿ ಅಥವಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಂಡು ಕೇಸು ಹಿಡಿಯುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಪಾಲು ಕೇಳುವವರ ಹತ್ತಿರ ಹೋಗಬೇಡಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಹಿ ಹಾಕಿದ ಖಾಲಿ ಚೆಕ್ ಯಾರ ಕೈಗೂ ಕೊಡಬೇಡಿ, ಎಷ್ಟೇ ಬೇಕಾದವರಾಗಿರಲಿ.

ಕೇಳಿಕೊಳ್ಳುವುದು ಇಷ್ಟು

ಗಾಯಾಳುವನ್ನು ಆಸ್ಪತ್ರೆಗೆ ತಂದವರೇ, ಡಾಕ್ಟರು ‘ಹೇಗಾಯಿತು’ ಎಂದು ಕೇಳಿದಾಗ ಕಂಡದ್ದನ್ನು ಹೇಳಿ. ಗಾಡಿ ಗುದ್ದಿದ್ದರೆ ಗುದ್ದಿತು ಅನ್ನಿ, ನಂಬರ್ ಕಂಡಿದ್ದರೆ ಆಗಲೇ ಬರೆಸಿ, ಜಾರಿ ಬಿದ್ದಿದ್ದರೆ ಜಾರಿ ಬಿದ್ದ ಅನ್ನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಗಾಬರಿಯಲ್ಲಿ ‘ಬಿದ್ದುಬಿಟ್ಟ’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ನಿಜವಾದ ಕೇಸೂ ಕೈತಪ್ಪಿದ ಕುಟುಂಬಗಳು ಇವೆ. ದಾರಿಯಲ್ಲಿ ಕಂಡು ನೆರವಿಗೆ ಬಂದ ಅಪರಿಚಿತರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ನಿನ ರಕ್ಷಣೆ ಇದೆ, ಹೆಸರು ಹೇಳಿ ಎಂದು ಯಾರೂ ಬಲವಂತ ಮಾಡುವಂತಿಲ್ಲ. ಒಮ್ಮೆ ಹೇಳಿದ ನಿಜವನ್ನು ಆಮೇಲೆ ಯಾರು ಎಷ್ಟೇ ಹೇಳಿದರೂ ಬದಲಿಸಬೇಡಿ.

ಆಸ್ಪತ್ರೆಯ ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರೇ, ಯಾವ ಮಂಚದಲ್ಲಿ ಯಾರು ಬಿದ್ದಿದ್ದಾರೆ ಎಂಬ ಸುದ್ದಿ ಹೊರಗೆ ಹೋಗದಂತೆ ನೋಡಿಕೊಳ್ಳಿ. ರಿಜಿಸ್ಟರಿನ ಸಾಲು ತಿದ್ದಲು ಬಂದವರನ್ನು ಹೊರಗೆ ಕಳಿಸಿ. ಪರೀಕ್ಷೆ ಮಾಡದೆ ಅಂಗವಿಕಲತೆಯ ಪ್ರಮಾಣ ಬರೆದುಕೊಡಬೇಡಿ.

ಠಾಣೆಯ ಸಿಬ್ಬಂದಿಯಲ್ಲೂ ಪ್ರಾಮಾಣಿಕರು ಬಹಳ ಜನ ಇದ್ದೀರಿ. ವಾರಗಟ್ಟಲೆ ತಡವಾಗಿ ಗಾಡಿ ನಂಬರ್ ಹೊತ್ತು ಬಂದ ದೂರನ್ನು ಆಸ್ಪತ್ರೆಯ ರಿಜಿಸ್ಟರಿನ ಜೊತೆ ಹೋಲಿಸಿ ನೋಡದೆ ಆರೋಪಪಟ್ಟಿ ಹಾಕಬೇಡಿ.

ಬರುವ ಸೋಮವಾರ ಬೆಳಿಗ್ಗೆ 11 ಗಂಟೆಗೆ ಟೌನ್‌ಹಾಲ್ ವೃತ್ತದಲ್ಲಿ ಸೇರಿ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತಿದ್ದೇವೆ. ಕೇಳುವುದು ಇವನ್ನು: ಅಪಘಾತದ ಗಾಯಾಳು ಬಂದ ದಿನವೇ ಎಂಎಲ್‌ಸಿ ವಿವರ ಠಾಣೆಗೆ ಹೋಗಬೇಕು, ಅದರ ಪ್ರತಿ ಗಾಯಾಳುವಿನ ಮನೆಯವರಿಗೂ ಸಿಗಬೇಕು. ಮೂಳೆ ವಾರ್ಡು ಮತ್ತು ತುರ್ತು ಘಟಕದ ಬಾಗಿಲಲ್ಲಿ ಮೇಲೆ ಹೇಳಿದ ಯೋಜನೆಗಳ ಫಲಕ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ಗುದ್ದಿ ಓಡಿದ ಪ್ರಕರಣಗಳ ಅರ್ಜಿ ನಮೂನೆ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಕೇಳಿದ ಕೂಡಲೇ ಸಿಗಬೇಕು. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ದಿನವೂ ಒಂದು ಹೊತ್ತು ಆಸ್ಪತ್ರೆಯಲ್ಲಿ ಕೂರಬೇಕು. ಎಳನೀರು ಹಿಡಿದು ಬರುವವನಿಗಿಂತ ಮೊದಲು ಅವರು ಮಂಚದ ಪಕ್ಕ ಇರಬೇಕು!

ನಿಮ್ಮ ಸಹಿಯನ್ನು ಯಾರಾದರೂ ಖಾಲಿ ಹಾಳೆಯ ಮೇಲೆ ಹಾಕಿಸಿಕೊಂಡಿದ್ದರೆ, ನಿಮ್ಮ ಆರ್‌ಸಿ, ಪಾಲಿಸಿ ಒಯ್ದಿದ್ದರೆ ಹೆದರಿ ಮನೆಯಲ್ಲಿ ಕೂರಬೇಡಿ. ಕೇಸು ಕೋರ್ಟಿಗೆ ಹೋಗುವ ಮುಂಚೆ ಹಿಂದೆ ಸರಿಯಲು ದಾರಿ ಇದೆ. ಸೋಮವಾರ ನಮ್ಮ ಜೊತೆ ವಕೀಲರೂ ಇರುತ್ತಾರೆ, ಹಣ ಕೇಳುವುದಿಲ್ಲ, ಹೆಸರು ಹೊರಗೆ ಬಿಡುವುದಿಲ್ಲ. ಬರುವಾಗ ಗಾಡಿಯ ಪಾಲಿಸಿ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಕಾಗದ ಏನಿದೆಯೋ ಅದರ ಜೆರಾಕ್ಸ್ ತನ್ನಿ. ಅಸಲು ಪ್ರತಿಗಳನ್ನು ಮನೆಯಲ್ಲೇ ಇಟ್ಟು ಬನ್ನಿ.